ಮಧುಮೇಹದೊಡನೆ ಬಾಳುವೆ: ಮನಸ್ಸಿನ ಆರೈಕೆ

ಕಾಯಿಲೆಗಳಲ್ಲಿ ಎರಡು ಬಗೆ. ಕೆಲವು ಬಂದು ಹೋಗುವಂಥವು. ಕೆಲವು ಬಂದ ಮೇಲೆ ಉಳಿಯುವಂಥವು. ವಿಷಮಶೀತ ಜ್ವರಕ್ಕೆ ತುತ್ತಾದವರು ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಕೆಲವು ವಾರಗಳಲ್ಲಿ ಗುಣಮುಖರಾಗಿ ಹಿಂದಿನ ಜೀವನಕ್ಕೆ ಮರಳುತ್ತಾರೆ. ಮಧುಮೇಹ, ರಕ್ತದ ಏರೊತ್ತಡ, ಉಬ್ಬಸ, ಸಂಧಿವಾತ ಮೊದಲಾದವು ಹಾಗಲ್ಲ. ಇವು ದೀರ್ಘಕಾಲೀನ ಕಾಯಿಲೆಗಳು. ಇವುಗಳ ಚಿಕಿತ್ಸೆಯ ಗುರಿ ರೋಗವನ್ನು ಹೊಡೆದೋಡಿಸುವುದಕ್ಕಿಂತ ಹೆಚ್ಚಾಗಿ, ಅದನ್ನು ಹತೋಟಿಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಬಾಳುವಂತೆ ಮಾಡುವುದಾಗಿದೆ.

ಇವುಗಳ ಪೈಕಿ ಮಧುಮೇಹವು ನಮ್ಮ ದೇಶದಲ್ಲಿ ವ್ಯಾಪಕವಾಗಿ ಹರಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಸುಮಾರು 10 ಕೋಟಿ ಭಾರತೀಯರಿಗೆ ಮಧುಮೇಹವಿದೆ. ಇನ್ನೂ ಸುಮಾರು 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹಳ್ಳಿಗಳಿಗಿಂತ ನಗರಗಳಲ್ಲಿ ಇದರ ಪ್ರಮಾಣ ಹೆಚ್ಚು. ಪಥ್ಯ, ಮಾತ್ರೆ, ವ್ಯಾಯಾಮ ಇವುಗಳ ಬಗೆಗಿನ ತಿಳಿವಳಿಕೆ ಇಂದು ಸಾಕಷ್ಟು ಹಬ್ಬಿದೆ. ಆದರೆ ಈ ಕಾಯಿಲೆಯನ್ನು ವರ್ಷಗಟ್ಟಲೆ ಹೊತ್ತು ನಡೆಯುವ ಮನಸ್ಸಿನ ಪಾಡೇನು ಎಂಬ ಬಗ್ಗೆ ಮನೆಗಳಲ್ಲಿಯೂ ಚಿಕಿತ್ಸಾಲಯಗಳಲ್ಲಿಯೂ ಮಾತು ಕಡಿಮೆ. ಪ್ರಸ್ತುತ ಪಾಠದ ವಿಷಯ ಅದೇ ಆಗಿದೆ.

ಆಯುಸ್ಸಿನೊಡನೆ ಬಂದ ಹೊಣೆ

ನಾವು ಉಂಡ ಆಹಾರ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆ ಗ್ಲೂಕೋಸನ್ನು ಜೀವಕೋಶಗಳು ಬಳಸಿಕೊಳ್ಳಲು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ಹಾರ್ಮೋನ್ ಬೇಕು. ಇನ್ಸುಲಿನ್ ಬಹುಮಟ್ಟಿಗೆ ಉತ್ಪತ್ತಿಯೇ ಆಗದಿದ್ದರೆ ಅದು ಮೊದಲನೆಯ ಬಗೆಯ ಮಧುಮೇಹ. ಇದು ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದೆ, ಕ್ರಮೇಣ ಅದು ಸಾಲದೆ ಬಂದರೆ ಅದು ಎರಡನೆಯ ಬಗೆ. ನಮ್ಮಲ್ಲಿ ಕಂಡುಬರುವ ಮಧುಮೇಹದಲ್ಲಿ ಬಹುಪಾಲು ಈ ಎರಡನೆಯ ಬಗೆಯದು.

ನೂರು ವರ್ಷಗಳ ಹಿಂದೆ ಮೊದಲನೆಯ ಬಗೆಯ ಮಧುಮೇಹ ಬಂದ ಮಗು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಇರುವ ಸಾರವನ್ನು ತೆಗೆದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಕೊಡಲಾಯಿತು. ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ಕೆಲವೇ ದಿನಗಳಲ್ಲಿ ಜೇಮ್ಸ್ ಕಾಲಿಪ್ ಅವರು ಶುದ್ಧಗೊಳಿಸಿದ ಸಾರವನ್ನು ಕೊಟ್ಟಾಗ ಬಾಲಕ ಚೇತರಿಸಿಕೊಂಡನು. ಮುಂದೆ 13 ವರ್ಷ ಬದುಕಿದನು.

ಈ ಶೋಧದಿಂದ ಸಾವಿನ ಕಾಯಿಲೆ ಬಾಳಿನ ಕಾಯಿಲೆಯಾಯಿತು. ಆದರೆ ಆಯುಸ್ಸಿನ ಜೊತೆಗೆ ಒಂದು ಹೊಣೆಯೂ ಬಂದಿತು. ಸಾಮಾನ್ಯವಾಗಿ ರೋಗಿಯು ಮೂರು ತಿಂಗಳಿಗೊಮ್ಮೆ ವೈದ್ಯರ ಬಳಿ ಕಾಲು ಗಂಟೆ ಕಳೆಯುತ್ತಾರೆ ಎಂದಿಟ್ಟುಕೊಂಡರೆ, ಅದು ವರ್ಷಕ್ಕೆ ಒಂದು ಗಂಟೆ ಮಾತ್ರ. ಉಳಿದ 8,759 ಗಂಟೆಗಳ ಕಾಲ ಎಷ್ಟು ಉಣ್ಣಬೇಕು, ಯಾವಾಗ ಮಾತ್ರೆ ನುಂಗಬೇಕು, ಕಾಲಿನ ಗಾಯ ಎಂಥದು ಎಂದು ನಿರ್ಧರಿಸುವವರು ರೋಗಿಯೇ. ಅಮೆರಿಕದ ಬಾಸ್ಟನ್ ನಗರದ ವೈದ್ಯ ಎಲಿಯಟ್ ಜೋಸ್ಲಿನ್ ಅವರು ಇದನ್ನು ಮನಗಂಡು 1918ರಷ್ಟು ಹಿಂದೆಯೇ ವೈದ್ಯರೂ ರೋಗಿಗಳೂ ಒಟ್ಟಾಗಿ ಬಳಸಬಹುದಾದ ಕೈಪಿಡಿಯೊಂದನ್ನು ಪ್ರಕಟಿಸಿದ್ದರು. ರಜೆಯಿಲ್ಲದ ಈ ದುಡಿಮೆಯಲ್ಲಿ ಮನಸ್ಸು ಒಮ್ಮೊಮ್ಮೆ ಸೋಲುವುದು ಸಹಜ. ಅದನ್ನು ಸ್ವಭಾವದ ದೌರ್ಬಲ್ಯವೆಂದು ಭಾವಿಸದೆ, ಕಾಯಿಲೆಯದೇ ಒಂದು ಭಾಗವೆಂದು ತಿಳಿಯಬೇಕು.

ಮೊದಲ ದಿನಗಳ ತಳಮಳ

ಮಧುಮೇಹವಿದೆ ಎಂದು ತಿಳಿದಾಗ ಜನ ಒಂದೇ ರೀತಿಯಲ್ಲಿ ವರ್ತಿಸುವುದಿಲ್ಲ. ಕೆಲವರು ಪರೀಕ್ಷೆಯೇ ತಪ್ಪಿರಬೇಕೆಂದು ಇನ್ನೊಂದು ಪ್ರಯೋಗಾಲಯಕ್ಕೆ ಹೋಗುತ್ತಾರೆ. ಕೆಲವರು ಸಿಟ್ಟಾಗುತ್ತಾರೆ. ಇನ್ನು ಕೆಲವರು ಯಾರಿಗೂ ಹೇಳದೆ ಚೀಟಿಯನ್ನು ಮಡಚಿ ಕಪಾಟಿನಲ್ಲಿಡುತ್ತಾರೆ. ನೋವು ಇಲ್ಲ, ಜ್ವರ ಇಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ; ಹೀಗಿರುವಾಗ ಕಾಯಿಲೆಯನ್ನು ನಂಬುವುದೇ ಕಷ್ಟ. ಈ ಅವಧಿ ಕೆಲವು ವಾರಗಳಿದ್ದರೆ ಚಿಂತೆಯಿಲ್ಲ. ವರ್ಷಗಳ ಕಾಲ ಮುಂದುವರಿದರೆ ಮಾತ್ರ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ನರಗಳು ಮತ್ತು ಹೃದಯಕ್ಕೆ ಸದ್ದಿಲ್ಲದೆ ಹಾನಿಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುವುದು ತಪ್ಪಿತಸ್ಥ ಭಾವನೆ. ಸಿಹಿ ತಿಂದದ್ದರಿಂದಲೇ ಈ ಕಾಯಿಲೆ ಬಂತೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮೊದಲನೆಯ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಅದರಲ್ಲಿ ಮಗುವಿನದಾಗಲಿ ತಾಯಿಯದಾಗಲಿ ತಪ್ಪೇನೂ ಇಲ್ಲ. ಎರಡನೆಯ ಬಗೆಯಲ್ಲಿ ಅನುವಂಶೀಯತೆ, ವಯಸ್ಸು, ಹೊಟ್ಟೆಯ ಸುತ್ತ ಸೇರುವ ಕೊಬ್ಬು, ದೈಹಿಕ ಚಟುವಟಿಕೆಯ ಕೊರತೆ, ಆಹಾರಕ್ರಮ ಇವೆಲ್ಲ ಸೇರಿ ಕೆಲಸ ಮಾಡುತ್ತವೆ. ಇವುಗಳಲ್ಲಿ ಬದಲಾಯಿಸಬಲ್ಲದ್ದನ್ನು ಬದಲಾಯಿಸುವುದು ಜಾಣತನ. ಬದಲಾಯಿಸಲಾಗದ್ದಕ್ಕೆ ತನ್ನನ್ನು ತಾನೇ ಹಳಿದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಹಳಿದುಕೊಳ್ಳುವ ಮನಸ್ಸು ಮುಚ್ಚಿಡಲು ಕಲಿಯುತ್ತದೆ. ಮುಚ್ಚಿಟ್ಟ ಕಾಯಿಲೆಗೆ ಚಿಕಿತ್ಸೆ ತಡವಾಗುತ್ತದೆ.

ಈ ತಳಮಳದ ಕಾಲದಲ್ಲಿಯೇ, ಸಂಪೂರ್ಣ ಗುಣಪಡಿಸುತ್ತೇವೆಂಬ ಜಾಹೀರಾತುಗಳು ಕಣ್ಣಿಗೆ ಬೀಳುತ್ತವೆ. ಮಧುಮೇಹವನ್ನು ವಾಸಿಮಾಡುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಎರಡನೆಯ ಬಗೆಯ ಮಧುಮೇಹವಿರುವ ಕೆಲವರಲ್ಲಿ, ವಿಶೇಷವಾಗಿ ಆರಂಭದ ವರ್ಷಗಳಲ್ಲಿ, ತೂಕ ಗಣನೀಯವಾಗಿ ಇಳಿದಾಗ ಔಷಧಿಯಿಲ್ಲದೆಯೂ ಸಕ್ಕರೆ ಹತೋಟಿಯಲ್ಲಿರುವುದುಂಟು. ಆಗಲೂ ತಪಾಸಣೆ ನಿಲ್ಲಿಸುವಂತಿಲ್ಲ. ವೈದ್ಯರ ಸಲಹೆಯಿಲ್ಲದೆ ಔಷಧಿ ಬಿಡುವಂತೆಯೂ ಇಲ್ಲ. ಮೊದಲನೆಯ ಬಗೆಯವರು ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ದಣಿವು ಬೇರೆ, ಖಿನ್ನತೆ ಬೇರೆ

ಹಲವು ವರ್ಷ ಶಿಸ್ತಿನಿಂದಿದ್ದವರು ಕೂಡ ಒಂದು ಹಂತದಲ್ಲಿ ಬೇಸತ್ತು ಹೋಗುತ್ತಾರೆ. ಎಷ್ಟು ಮಾಡಿದರೂ ಸಕ್ಕರೆ ಇಳಿಯಲಿಲ್ಲವೆಂಬ ನಿರಾಶೆ, ಮುಂದೇನಾದೀತೆಂಬ ಹೆದರಿಕೆ, ದಿನವೂ ಬೆರಳು ಚುಚ್ಚಿಕೊಳ್ಳುವ ಜುಗುಪ್ಸೆ ಇವು ಕೂಡಿಕೊಂಡು ಮಾತ್ರೆ ಮರೆಯುವುದು, ಪರೀಕ್ಷೆ ಮುಂದೂಡುವುದು ಆರಂಭವಾಗುತ್ತದೆ. ತಜ್ಞರು ಇದನ್ನು ಮಧುಮೇಹದ ಮನೋಭಾರ ಎಂದು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಇದು ಮಾನಸಿಕ ರೋಗವಲ್ಲ. ಚಿಕಿತ್ಸೆಯನ್ನು ಸ್ವಲ್ಪ ಸರಳಗೊಳಿಸುವುದು, ಮನಬಿಚ್ಚಿ ಮಾತನಾಡುವುದು, ಹೊಣೆಯನ್ನು ಹಂಚಿಕೊಳ್ಳುವುದು ಇವುಗಳಿಂದ ಬಹುಮಟ್ಟಿಗೆ ಹಗುರವಾಗುತ್ತದೆ.

ಖಿನ್ನತೆ ಇದಕ್ಕಿಂತ ಆಳವಾದುದು. ಅಲ್ಲಿ ಬೇಸರ ಕಾಯಿಲೆಯ ವಿಷಯಕ್ಕೆ ಸೀಮಿತವಾಗದೆ ಇಡೀ ಬದುಕನ್ನು ಆವರಿಸುತ್ತದೆ. ಮಧುಮೇಹ ಇಲ್ಲದವರಿಗೆ ಹೋಲಿಸಿದರೆ ಇರುವವರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಹೆಚ್ಚು ಕಂಡುಬರುತ್ತದೆಂದು ಅಧ್ಯಯನಗಳು ತೋರಿಸಿವೆ. ಆಯಾಸ, ತೂಕದ ಏರುಪೇರು, ನಿದ್ರಾಭಂಗ ಈ ಲಕ್ಷಣಗಳು ಎರಡರಲ್ಲಿಯೂ ಇರುವುದರಿಂದ, ಖಿನ್ನತೆಯನ್ನು ಸಕ್ಕರೆಯ ತೊಂದರೆಯೆಂದೇ ತಿಳಿದು ಕಡೆಗಣಿಸುವ ಸಂಭವವಿದೆ.

ದೇಹ ಮನಸ್ಸುಗಳ ನಂಟು ಇಲ್ಲಿ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಚಿಂತೆ, ಕೋಪ, ಭಯಗಳ ವೇಳೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚು ಸ್ರವಿಸುತ್ತವೆ; ಅವು ರಕ್ತದ ಗ್ಲೂಕೋಸನ್ನು ಏರಿಸುತ್ತವೆ. ಹಾಗೆಯೇ ಸಕ್ಕರೆ ಇಳಿದಾಗ ಉಂಟಾಗುವ ನಡುಕ, ಬೆವರು, ಎದೆಬಡಿತ, ಗಾಬರಿ ಇವು ಭಯದ ಲಕ್ಷಣಗಳನ್ನೇ ಹೋಲುತ್ತವೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುವವರು ಇಂಥ ಹೊತ್ತಿನಲ್ಲಿ ಸಾಧ್ಯವಾದರೆ ಗ್ಲುಕೋಮೀಟರಿನಿಂದ ಪರೀಕ್ಷಿಸಿಕೊಳ್ಳಬೇಕು. 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೂಡಲೇ ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಏರಿದ ಮೇಲೆ ಏನಾದರೂ ತಿನ್ನಬೇಕು. ಪರೀಕ್ಷೆಗೆ ಅನುಕೂಲವಿಲ್ಲದಿದ್ದರೂ ಸಕ್ಕರೆ ಕುಡಿಯಲು ತಡಮಾಡಬಾರದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಒಮ್ಮೆ ಹೀಗೆ ಕುಸಿದವರು ಮತ್ತೆ ಕುಸಿದೇವೆಂಬ ಅಂಜಿಕೆಯಿಂದ ಔಷಧಿಯನ್ನೇ ಕಡಿಮೆ ಮಾಡಿಕೊಳ್ಳುವುದುಂಟು. ಈ ಅಂಜಿಕೆಯನ್ನು ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನೋ ವೇಳೆಯನ್ನೋ ಬದಲಿಸಬಲ್ಲರು.

ಅಂಕಿಯನ್ನು ಓದುವ ಬಗೆ

ಪರೀಕ್ಷೆಯ ಹಿಂದಿನ ದಿನ ನಿದ್ರೆಗೆಡುವವರು ಬಹಳ. ಕೆಲವರು ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಕಟ್ಟುನಿಟ್ಟಾಗಿ ಪಥ್ಯ ಮಾಡುತ್ತಾರೆ. ಅಂಕಿಯನ್ನು ಶಾಲೆಯ ಪರೀಕ್ಷೆಯ ಅಂಕದಂತೆ ಕಾಣುವುದೇ ಇದಕ್ಕೆ ಕಾರಣ. ವಾಸ್ತವವಾಗಿ ಅದೊಂದು ಮಾಹಿತಿ. ರಸ್ತೆಯ ಬದಿಯ ಮೈಲಿಗಲ್ಲು ಪ್ರಯಾಣಿಕನನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ; ಎಲ್ಲಿದ್ದೇವೆಂದು ಮಾತ್ರ ತಿಳಿಸುತ್ತದೆ.

ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಮಟ್ಟವನ್ನು ಸೂಚಿಸುತ್ತದೆ. ಅನೇಕ ವಯಸ್ಕರಿಗೆ ಅದು ಶೇಕಡ 7ಕ್ಕಿಂತ ಕೆಳಗಿರಬೇಕೆಂಬುದು ಸಾಮಾನ್ಯ ಗುರಿಯಾದರೂ, ವೃದ್ಧರಲ್ಲಿ ಮತ್ತು ಇತರ ರೋಗಗಳಿರುವವರಲ್ಲಿ ವೈದ್ಯರು ಗುರಿಯನ್ನು ಸಡಿಲಗೊಳಿಸುತ್ತಾರೆ. ಆದುದರಿಂದ ನೆರೆಮನೆಯವರ ಅಂಕಿಯೊಡನೆ ಹೋಲಿಸಿಕೊಂಡು ಕೊರಗುವುದು ನಿರರ್ಥಕ.

ಭರವಸೆಗೆ ಗಟ್ಟಿಯಾದ ಆಧಾರವಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ಮೊದಲನೆಯ ಬಗೆಯ 1,441 ಮಂದಿಯ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವು, ಉತ್ತಮ ಹತೋಟಿಯಿಂದ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಗಣನೀಯವಾಗಿ ತಗ್ಗುತ್ತದೆಂದು ಸಾಬೀತುಪಡಿಸಿತು. ಎರಡನೆಯ ಬಗೆಯವರ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ದೀರ್ಘ ಅಧ್ಯಯನದ ಫಲಿತಾಂಶಗಳು 1998ರಲ್ಲಿ ಹೊರಬಂದು ಇದನ್ನೇ ಸಮರ್ಥಿಸಿದವು. ಹೆದರಿಕೆ ತರುವ ತೊಂದರೆಗಳು ವಿಧಿಲಿಖಿತವಲ್ಲ. ಪ್ರತಿದಿನದ ಸಾಧಾರಣ ಪ್ರಯತ್ನಕ್ಕೂ ಫಲವಿದೆ. ಒಂದು ದಿನ ತಪ್ಪಿದ ಮಾತ್ರಕ್ಕೆ ಆ ಫಲ ಅಳಿಸಿಹೋಗುವುದೂ ಇಲ್ಲ.

ಮನೆಯವರ ಪಾತ್ರ

ಮಧುಮೇಹಿಯ ಮನೆಯಲ್ಲಿ ಪ್ರೀತಿಯೇ ಕಾವಲಾಗಿ ಮಾರ್ಪಡುವುದು ಹೊಸದಲ್ಲ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ, "ಅವರಿಗೆ ಹಾಕಬೇಡಿ, ಶುಗರ್ ಇದೆ" ಎಂದು ಎಲ್ಲರಿಗೂ ಕೇಳುವಂತೆ ಕೂಗುವವರ ಉದ್ದೇಶ ಒಳ್ಳೆಯದೇ. ಆದರೆ ಎಲೆಯ ಮುಂದೆ ಕುಳಿತ ಹಿರಿಯರಿಗೆ ಅದು ಅವಮಾನ. ಹೀಗೆ ಅವಮಾನಕ್ಕೊಳಗಾದವರು ಕದ್ದು ತಿನ್ನಲು ತೊಡಗುತ್ತಾರೆ. ತಿಂದದ್ದನ್ನು ವೈದ್ಯರಿಂದಲೂ ಮರೆಮಾಡುತ್ತಾರೆ. "ಅಪ್ಪಾ, ಅರ್ಧ ಹೋಳಿಗೆ ಇಬ್ಬರೂ ಹಂಚಿಕೊಳ್ಳೋಣ, ಇವತ್ತು ಅನ್ನ ಸ್ವಲ್ಪ ಕಡಿಮೆ ಮಾಡೋಣ" ಎಂಬ ಮಾತಿನಿಂದ ಅದೇ ಕೆಲಸ ಮಾನ ಕೆಡದೆ ನಡೆಯುತ್ತದೆ.

ರೋಗಿಗೆಂದು ಬೇರೆ ಅಡುಗೆ ಮಾಡಿ ಬೇರೆ ತಟ್ಟೆ ಇಡುವ ಬದಲು ಇಡೀ ಮನೆಯ ಊಟವನ್ನೇ ತಿದ್ದುವುದು ಮೇಲು. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಹಸಿ ತರಕಾರಿ. ಕಾಲು ಭಾಗ ಬೇಳೆ, ಕಾಳು, ಮೊಸರು, ಮೀನು ಅಥವಾ ಮೊಟ್ಟೆ. ಉಳಿದ ಕಾಲು ಭಾಗ ಅನ್ನ, ರೊಟ್ಟಿ ಅಥವಾ ಮುದ್ದೆ. ರಾಗಿ, ಜೋಳ ಎಷ್ಟು ತಿಂದರೂ ಸಕ್ಕರೆ ಏರದೆಂಬ ಭಾವನೆ ಸರಿಯಲ್ಲ. ಅವುಗಳಲ್ಲಿ ನಾರಿನ ಅಂಶ ಹೆಚ್ಚಿದ್ದರೂ ಪಿಷ್ಟವೂ ಇದೆ. ಅಳತೆ ಅಲ್ಲಿಯೂ ಮುಖ್ಯ.

ಗೃಹಿಣಿಯೇ ರೋಗಿಯಾದಾಗ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಹೊತ್ತು ಮೀರಿ ಉಣ್ಣುವ ರೂಢಿ ಆಕೆಯ ಸಕ್ಕರೆಯನ್ನು ಏರುಪೇರು ಮಾಡುತ್ತದೆ. ಆಕೆ ಹೊತ್ತಿಗೆ ಸರಿಯಾಗಿ ಉಣ್ಣುವಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಕರ್ತವ್ಯ. ಹೆಣ್ಣುಮಗುವಿಗೆ ಮೊದಲನೆಯ ಬಗೆಯ ಮಧುಮೇಹ ಬಂದಾಗ, ಮುಂದೆ ಮದುವೆಗೆ ತೊಡಕಾದೀತೆಂದು ತಂದೆತಾಯಿಗಳು ಶಾಲೆಗೂ ನೆಂಟರಿಗೂ ತಿಳಿಸದೆ ಇರುವುದುಂಟು. ತರಗತಿಯಲ್ಲಿ ಆಕೆಯ ಸಕ್ಕರೆ ಇಳಿದರೆ ನೆರವಾಗಬೇಕಾದ ಶಿಕ್ಷಕಿಗೆ ಆಗ ಏನೂ ತಿಳಿದಿರುವುದಿಲ್ಲ. ಗುಟ್ಟು ಮಗುವಿನ ಪ್ರಾಣಕ್ಕೇ ಅಪಾಯ ತರಬಹುದು. ಜೊತೆಗೆ, ತನ್ನ ದೇಹ ನಾಚಿಕೆಪಡಬೇಕಾದದ್ದು ಎಂಬ ಭಾವನೆ ಅದರ ಮನಸ್ಸಿನಲ್ಲಿ ನೆಲೆಯೂರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುತ್ತ ಓದಿ, ದುಡಿದು, ವಿವಾಹವಾಗಿ, ವೈದ್ಯರ ಮೇಲ್ವಿಚಾರಣೆಯಲ್ಲಿ ತಾಯಿಯಾಗಿ ಪೂರ್ಣ ಬದುಕು ನಡೆಸುತ್ತಿರುವ ಮಹಿಳೆಯರಿದ್ದಾರೆ ಎಂಬುದನ್ನು ಮಗುವಿಗೂ ಪೋಷಕರಿಗೂ ತಿಳಿಸಿಕೊಡಬೇಕು.

ದಾಂಪತ್ಯ ಜೀವನದಲ್ಲಿಯೂ ಮಧುಮೇಹ ತೊಂದರೆ ಉಂಟುಮಾಡಬಹುದು. ಸಂಕೋಚದಿಂದ ಇದನ್ನು ಹೇಳಿಕೊಳ್ಳದೆ ಪತಿಪತ್ನಿಯರು ದೂರವಾಗುವುದಿದೆ. ಇದಕ್ಕೂ ಚಿಕಿತ್ಸೆಯಿದೆ, ವೈದ್ಯರಿಗೆ ಇದು ಹೊಸ ವಿಷಯವೇನೂ ಅಲ್ಲ.

ಪರಊರಿನಲ್ಲಿ ಬಾಳುವವರಿಗೆ

ಉದ್ಯೋಗಕ್ಕಾಗಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರು ವ್ಯವಹಾರಕ್ಕೆ ಬೇಕಾದಷ್ಟು ಆಯಾ ಊರಿನ ಭಾಷೆಯನ್ನು ಕಲಿತಿರುತ್ತಾರೆ. ಕಾಲು ಜೋಮು ಹಿಡಿಯುತ್ತದೆಂದು ಮರಾಠಿಯಲ್ಲೋ ತಮಿಳಿನಲ್ಲೋ ಹೇಳಬಲ್ಲರು. ಆದರೆ ಮನಸ್ಸು ಮುದುಡಿಹೋಗಿದೆ ಎಂಬುದನ್ನು ಹೇಳಲು ತಾಯ್ನುಡಿಯೇ ಬೇಕು. ಮಕ್ಕಳೊಡನೆ ಇರಲು ಇಳಿವಯಸ್ಸಿನಲ್ಲಿ ಊರು ಬಿಟ್ಟು ಬಂದ ತಂದೆತಾಯಿಗಳಿಗಂತೂ ಈ ಮೂಕತನ ಇನ್ನೂ ಹೆಚ್ಚು. ಇಂಥವರು ವೈದ್ಯರಲ್ಲಿಗೆ ಹೋಗುವ ಮುನ್ನ ಕೇಳಬೇಕಾದ ಎರಡು ಮೂರು ಸಂಗತಿಗಳನ್ನು ಕನ್ನಡದಲ್ಲಿಯೇ ಚೀಟಿಯಲ್ಲಿ ಬರೆದುಕೊಂಡು, ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ ಇಲ್ಲಿ ಉಪಯುಕ್ತ. ದೇಶದ ಯಾವುದೇ ಭಾಗದಿಂದ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ದೂರವಾಣಿ ಕರೆ ಮಾಡಿ, ಕನ್ನಡವನ್ನು ಆರಿಸಿಕೊಂಡು ಆಪ್ತ ಸಲಹೆ ಪಡೆಯಬಹುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ಮೀರಿದವರಿಗೆ ಮಧುಮೇಹದ ತಪಾಸಣೆಯ ವ್ಯವಸ್ಥೆಯಿದೆ. ಔಷಧಿಯ ಖರ್ಚೇ ಚಿಂತೆಯಾದವರು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುವ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳಬಹುದು.

ದುಡಿಮೆಯ ಸ್ಥಳದಲ್ಲಿ ಎಲ್ಲರಿಗೂ ಹೇಳಬೇಕೆಂದಿಲ್ಲ. ನಂಬಿಕಸ್ಥರಾದ ಒಬ್ಬ ಸಹೋದ್ಯೋಗಿಗೆ ತಿಳಿದಿರಲಿ. ಲೋಕಲ್ ರೈಲಿನಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡುವವರು ಜೇಬಿನಲ್ಲಿ ಸಕ್ಕರೆಯ ಪೊಟ್ಟಣವನ್ನೂ, ಕಾಯಿಲೆ ಮತ್ತು ಔಷಧಿಯ ವಿವರವಿರುವ ಚೀಟಿಯನ್ನೂ ಇಟ್ಟುಕೊಳ್ಳಬೇಕು. ಊರಿಗೆ ಹೋಗುವಾಗ ಇನ್ಸುಲಿನ್ ಬಿಸಿಲಿಗೆ ಸಿಗದಂತೆ ಕೈಚೀಲದಲ್ಲಿರಲಿ.

ಕನ್ನಡ ಸಂಘಗಳು ಹಬ್ಬ, ನಾಟಕ, ಉಪನ್ಯಾಸಗಳಿಗೆಂದು ಜನರನ್ನು ಕೂಡಿಸುತ್ತ ಬಂದಿವೆ. ತಿಂಗಳಿಗೊಮ್ಮೆ ಮಧುಮೇಹಿಗಳು ಒಂದೆಡೆ ಕುಳಿತು ಅನುಭವ ಹಂಚಿಕೊಳ್ಳಲು ಅದೇ ಸ್ಥಳ ಸಾಕು. ಹತ್ತು ವರ್ಷ ಈ ಹಾದಿಯಲ್ಲಿ ನಡೆದವರ ಒಂದು ಮಾತು ಹೊಸಬರಿಗೆ ಹತ್ತು ಪುಸ್ತಕಗಳಿಗಿಂತ ಹೆಚ್ಚು ಧೈರ್ಯ ಕೊಡಬಲ್ಲದು.

ನಿತ್ಯದ ಸಾಧನೆ

ಒಂದೇ ದಿನದಲ್ಲಿ ಬದುಕನ್ನೆಲ್ಲ ಬದಲಿಸುವ ಶಪಥ ಹೆಚ್ಚು ದಿನ ನಿಲ್ಲುವುದಿಲ್ಲ. "ನಾಳೆಯಿಂದ ಎಲ್ಲ ಬಿಟ್ಟೆ" ಎನ್ನುವುದಕ್ಕಿಂತ "ಈ ವಾರ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಡೆಯುತ್ತೇನೆ" ಎನ್ನುವುದು ಉತ್ತಮ. ಅದು ರೂಢಿಯಾದ ಮೇಲೆ ಮುಂದಿನ ಹೆಜ್ಜೆ. ವಾರಕ್ಕೆ ಒಟ್ಟು 150 ನಿಮಿಷಗಳಷ್ಟು ಚುರುಕಾದ ನಡಿಗೆ ಅಥವಾ ಅಂಥದೇ ಚಟುವಟಿಕೆ ಗುರಿಯಾಗಿರಲಿ. ನಡಿಗೆ ಸಕ್ಕರೆಯನ್ನು ಇಳಿಸುವುದರ ಜೊತೆಗೆ ಮನಸ್ಸಿನ ಭಾರವನ್ನೂ ಇಳಿಸುತ್ತದೆ. ಸಾಕಷ್ಟು ನಿದ್ರೆ, ತಂಬಾಕಿನಿಂದ ದೂರವಿರುವುದು, ದಿನವೂ ಪಾದಗಳನ್ನು ಪರೀಕ್ಷಿಸಿಕೊಳ್ಳುವುದು, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಇವು ಜೊತೆಗಿರಬೇಕು.

ಇವೆಲ್ಲದರ ನಡುವೆ ಕಾಯಿಲೆಗೆ ಸಂಬಂಧಿಸದ ಒಂದು ಆಸಕ್ತಿ ಉಳಿದಿರುವುದು ಅವಶ್ಯ. ಸಂಗೀತವಿರಲಿ, ತೋಟಗಾರಿಕೆಯಿರಲಿ, ಮೊಮ್ಮಕ್ಕಳಿಗೆ ಕಥೆ ಹೇಳುವುದಿರಲಿ, ಆ ಹೊತ್ತಿನಲ್ಲಿ ಮನುಷ್ಯ ರೋಗಿಯಾಗಿರುವುದಿಲ್ಲ.

ನೆರವು ಕೇಳಬೇಕಾದ ಸಂದರ್ಭಗಳು

ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದರೆ ತಡಮಾಡದೆ ವೈದ್ಯರನ್ನು ಅಥವಾ ಮಾನಸಿಕ ಆರೋಗ್ಯ ತಜ್ಞರನ್ನು ಕಾಣಬೇಕು:

1. ಎರಡು ವಾರಗಳಿಗೂ ಹೆಚ್ಚು ಕಾಲ ಪ್ರತಿದಿನ ದುಗುಡ, ಅಥವಾ ಹಿಂದೆ ಇಷ್ಟವಾಗಿದ್ದುದರಲ್ಲಿ ಆಸಕ್ತಿ ಇಲ್ಲದಿರುವುದು.
2. ನಿದ್ರೆ ಮತ್ತು ಹಸಿವು ತೀರ ಕಡಿಮೆಯಾಗುವುದು ಅಥವಾ ಹೆಚ್ಚಾಗುವುದು.
3. ಬೇಕೆಂದೇ ಮಾತ್ರೆ ಅಥವಾ ಇನ್ಸುಲಿನ್ ಬಿಡುವುದು; ಪರೀಕ್ಷೆಯನ್ನು ಮೇಲಿಂದ ಮೇಲೆ ಮುಂದೂಡುವುದು.
4. ಮನೆಯವರಿಗೆ ತಾನು ಹೊರೆಯೆಂಬ ಭಾವನೆ.
5. ಸಾಯುವ ಯೋಚನೆ. ಇದು ಬಂದಲ್ಲಿ ಅದೇ ದಿನ ಹತ್ತಿರದವರಿಗೆ ತಿಳಿಸಬೇಕು. ಅಂಥವರನ್ನು ಒಂಟಿಯಾಗಿ ಬಿಡಬಾರದು.

ಆಪ್ತ ಸಲಹೆ ಮತ್ತು ಔಷಧಿ ಎರಡರಿಂದಲೂ ಖಿನ್ನತೆ ಗುಣವಾಗುತ್ತದೆ. ಸಕ್ಕರೆಗೆ ಮಾತ್ರೆ ನುಂಗಲು ನಾಚದವರು ಮನಸ್ಸಿಗೆ ನೆರವು ಪಡೆಯಲೂ ನಾಚಬೇಕಾಗಿಲ್ಲ. ಮುಂದಿನ ಬಾರಿ ವೈದ್ಯರ ಮುಂದೆ ಕುಳಿತಾಗ ರಕ್ತದ ವರದಿಯ ಜೊತೆಗೆ ಮನಸ್ಸಿನ ವರದಿಯನ್ನೂ ಎರಡು ಮಾತಿನಲ್ಲಿ ಒಪ್ಪಿಸುವುದು ಚಿಕಿತ್ಸೆಯ ಒಂದು ಭಾಗವೇ ಆಗಿದೆ. ವೈದ್ಯರು ಕೇಳದಿದ್ದರೂ ರೋಗಿಯೇ ಅದನ್ನು ಹೇಳಬೇಕು.